ನೋಡೆನ್ಸ್

ನೋಡೆನ್ಸ್ ರೋಮನ್ ಆಳ್ವಿಕೆಯ ಕಾಲದ ಬ್ರಿಟನ್ನಿನಲ್ಲಿ ಆರಾಧನೆಗೊಳ್ಳುತ್ತಿದ್ದ ಒಬ್ಬ ಕೆಲ್ಟಿಕ್ ದೇವರು. ನೋಡನ್ಸ್ ಎಂಬ ರೂಪವೂ ಬಳಕೆಯಲ್ಲಿದೆ. ಇಂಗ್ಲೆಂಡಿನ ಗ್ಲಾಸ್ಟರ್‌ಷೈರ್ ಪ್ರಾಂತದ ಲಿಡ್ನಿ ಪಾರ್ಕ್ ಎಂಬಲ್ಲಿ ಈತನ ದೇವಾಲಯದ ಅವಶೇಷಗಳಿವೆ. ಈತನನ್ನು ಕುರಿತ ಪುರಾಣಕಥೆಯಾಗಲಿ ಸ್ತೋತ್ರವಾಗಲಿ ಬ್ರಿಟನ್ನಿನಲ್ಲಿ ಉಳಿದುಬಂದಿಲ್ಲ. ಉಳಿದಿರುವುದು ಕೆಲವು ಚಿಕ್ಕ ಶಾಸನಗಳು, ಭಕ್ತರು ಅರ್ಪಿಸಿದ ಹರಕೆಯ ವಸ್ತುಗಳು ಮತ್ತು ಒಂದು ಹೆಸರು. ಆದ್ದರಿಂದ ಈ ದೇವರ ಸ್ವರೂಪವನ್ನು ಅರಿಯಲು ವಿದ್ವಾಂಸರು ಬಹುಮಟ್ಟಿಗೆ ಹೆಸರಿನ ವ್ಯುತ್ಪತ್ತಿಯನ್ನೇ ಅವಲಂಬಿಸಿದ್ದಾರೆ. ಐರಿಷ್ ಪುರಾಣದ ನುವದು ಮತ್ತು ವೆಲ್ಷ್ ಪರಂಪರೆಯ ನೀದ್ ಎಂಬ ಹೆಸರುಗಳು ಇದೇ ಹೆಸರಿನ ಮುಂದಿನ ರೂಪಗಳೆಂಬುದು ಸಾಮಾನ್ಯವಾಗಿ ಒಪ್ಪಿತವಾದ ಅಭಿಪ್ರಾಯ. ಹೆಸರಿನ ಅರ್ಥದ ವಿಷಯದಲ್ಲಿ ಮಾತ್ರ ಇಂದಿಗೂ ಒಮ್ಮತವಿಲ್ಲ.

ಶಾಸನಗಳು ಮತ್ತು ಹೆಸರಿನ ರೂಪಗಳು

ನೋಡೆನ್ಸ್ ಎಂಬ ಪ್ರಥಮಾ ವಿಭಕ್ತಿಯ ರೂಪ ಯಾವ ಶಾಸನದಲ್ಲಿಯೂ ದೊರೆತಿಲ್ಲ. ಹರಕೆಯ ಬರಹಗಳಲ್ಲಿ 'ಇಂಥ ದೇವರಿಗೆ' ಎಂದು ಬರೆಯುವುದು ವಾಡಿಕೆಯಾದ್ದರಿಂದ ಹೆಸರು ಹೆಚ್ಚಾಗಿ ಚತುರ್ಥಿ ವಿಭಕ್ತಿಯಲ್ಲಿಯೇ ಬರುತ್ತದೆ. ಅದರಿಂದ ಮೂಲ ರೂಪವನ್ನು ವಿದ್ವಾಂಸರು ಊಹಿಸಿಕೊಂಡಿದ್ದಾರೆ. ಮುಖ್ಯ ಶಾಸನಗಳು ಇವು:

1. ಲಿಡ್ನಿಯಲ್ಲಿ ದೊರೆತ ಕಂಚಿನ ಫಲಕ. ಫ್ಲೇವಿಯಸ್ ಬ್ಲಾಂಡಿನಸ್ ಎಂಬ ಸೈನಿಕ ತನ್ನ ಹರಕೆಯನ್ನು ತೀರಿಸಿದ್ದಾಗಿ ಇದರಲ್ಲಿ ಹೇಳಿದ್ದಾನೆ. ಇಲ್ಲಿ ದೇವರ ಹೆಸರು 'ನೋಡೊಂಟಿ' ಎಂದಿದೆ.

2. ಲಿಡ್ನಿಯದೇ ಆದ ಇನ್ನೊಂದು ಕಂಚಿನ ಫಲಕ. ಇದರ ಮೇಲೆ ನಾಯಿಯ ಆಕೃತಿಯಿದೆ. ಪೆಕ್ಟಿಲಸ್ ಎಂಬವನು ತಾನು ಹೊತ್ತ ಹರಕೆಯನ್ನು ಒಪ್ಪಿಸಿದ್ದಾನೆ. ಹೆಸರು 'ನುಡೆಂಟೆ' ಎಂದಿದೆ.

3. ಲಿಡ್ನಿಯ ಸೀಸದ ಶಾಪಪತ್ರ. ಸಿಲ್ವಿಯಾನಸ್ ಎಂಬವನು ಬರೆಸಿದ್ದು. ಇದರಲ್ಲಿ ಚತುರ್ಥಿಯ 'ನೋಡೆಂಟಿ' ಮತ್ತು ಷಷ್ಠಿಯ 'ನೋಡೆಂಟಿಸ್' ಎರಡೂ ಬಂದಿವೆ.

4. ಉತ್ತರ ಇಂಗ್ಲೆಂಡಿನ ಲ್ಯಾಂಕಷೈರ್ ಪ್ರಾಂತದ ಕಾಕರ್‌ಸ್ಯಾಂಡ್ ಬಳಿ 1718ರಲ್ಲಿ ದೊರೆತ ಬೆಳ್ಳಿಯ ಪ್ರತಿಮೆಯ ಮೇಲಿನ ಬರಹ. ಇಲ್ಲಿಯೂ 'ನೋಡೊಂಟಿ' ಎಂದಿದೆ. ಈ ಪ್ರತಿಮೆ ಈಗ ಕಳೆದುಹೋಗಿದ್ದು, ಬರಹದ ಪ್ರತಿ ಮಾತ್ರ ಉಳಿದಿದೆ.

ಒಂದೇ ಹೆಸರು ಹೀಗೆ ಮೂರು ಬಗೆಯಾಗಿ ಬರೆಯಲ್ಪಟ್ಟಿರುವುದಕ್ಕೆ ಕಾರಣವಿದೆ. ಕೆಲ್ಟಿಕ್ ಭಾಷೆಯ ಹೆಸರನ್ನು ಲ್ಯಾಟಿನ್ ಲಿಪಿಯಲ್ಲಿ ಬರೆಯುವಾಗ ಮೊದಲ ಸ್ವರಕ್ಕೆ ಸರಿಯಾಗಿ ಹೊಂದುವ ಅಕ್ಷರವಿರಲಿಲ್ಲ. ಆದ್ದರಿಂದ ಒಬ್ಬರು 'ಓ' ಎಂದೂ ಇನ್ನೊಬ್ಬರು 'ಊ' ಎಂದೂ ಬರೆದರು. ಕೊನೆಯ ಭಾಗದಲ್ಲಿ 'ಒಂಟ್' ಎಂಬುದು ಹಳೆಯ ಕೆಲ್ಟಿಕ್ ರೂಪ. ಲ್ಯಾಟಿನ್ ಕೃದಂತಗಳ ಪ್ರಭಾವದಿಂದ ಅದು 'ಎಂಟ್' ಆಯಿತೆಂದು ಭಾವಿಸಲಾಗಿದೆ.

ಹಲವು ಶಾಸನಗಳಲ್ಲಿ ಈ ದೇವರನ್ನು ರೋಮನ್ನರ ಯುದ್ಧದೇವತೆ ಮಾರ್ಸ್‌ನೊಡನೆ ಸಮೀಕರಿಸಲಾಗಿದೆ. ಸ್ಥಳೀಯ ದೇವರ ಹೆಸರಿನ ಜೊತೆಗೆ ತಮ್ಮ ದೇವರ ಹೆಸರನ್ನು ಸೇರಿಸಿ ಪೂಜಿಸುವುದು ರೋಮನ್ ಪ್ರಾಂತಗಳಲ್ಲೆಲ್ಲ ಇದ್ದ ಪದ್ಧತಿ. ಕೆಲ್ಟಿಕ್ ಪ್ರದೇಶಗಳಲ್ಲಿ ಮಾರ್ಸ್ ಯುದ್ಧಕ್ಕೆ ಮಾತ್ರವಲ್ಲದೆ ರಕ್ಷಣೆ ಮತ್ತು ರೋಗನಿವಾರಣೆಗೂ ಸಂಬಂಧಪಟ್ಟ ದೇವರಾಗಿದ್ದನು. ಆದ್ದರಿಂದ ಈ ಸಮೀಕರಣದಿಂದ ನೋಡೆನ್ಸ್ ಯುದ್ಧದೇವತೆಯೆಂದು ತೀರ್ಮಾನಿಸಲಾಗದು.

ಲಿಡ್ನಿಯ ದೇವಾಲಯ

ಲಿಡ್ನಿಯ ದೇವಾಲಯ ಸೆವರ್ನ್ ನದಿಯ ಅಳಿವೆಯನ್ನು ಮೇಲಿನಿಂದ ನೋಡುವಂತೆ, ಒಂದು ಗುಡ್ಡದ ಚಾಚಿನ ಮೇಲಿದೆ. ಅದಕ್ಕೂ ಮೊದಲು ಇಲ್ಲಿ ಕಬ್ಬಿಣಯುಗದ ಕೋಟೆಯೊಂದಿತ್ತು. ರೋಮನ್ನರ ಕಾಲದಲ್ಲಿ ಇಲ್ಲಿ ಕಬ್ಬಿಣದ ಅದಿರನ್ನೂ ತೆಗೆಯಲಾಗುತ್ತಿತ್ತು. ದೇವಾಲಯದ ಒಳಭಾಗದಲ್ಲಿ ಸಾಲಾಗಿ ಮೂರು ಗರ್ಭಗುಡಿಗಳಿದ್ದವು. ಆವರಣದಲ್ಲಿ ಯಾತ್ರಿಕರ ವಸತಿಗೃಹ, ಸ್ನಾನಗೃಹ ಮತ್ತು ಅನೇಕ ಕೋಣೆಗಳುಳ್ಳ ಒಂದು ಉದ್ದನೆಯ ಕಟ್ಟಡವೂ ಇದ್ದವು. ರೋಗಿಗಳು ಈ ಕೋಣೆಗಳಲ್ಲಿ ಮಲಗಿ, ಕನಸಿನಲ್ಲಿ ದೇವರ ಸೂಚನೆಯನ್ನು ಪಡೆಯುತ್ತಿದ್ದರೆಂದು ಹಲವು ವಿದ್ವಾಂಸರು ಊಹಿಸಿದ್ದಾರೆ. ಗ್ರೀಸಿನ ವೈದ್ಯದೇವತೆ ಅಸ್ಕ್ಲೇಪಿಯಸ್‌ನ ಕ್ಷೇತ್ರಗಳಲ್ಲಿ ಇಂತಹ ಪದ್ಧತಿಯಿತ್ತು.

ದೇವಾಲಯದ ನೆಲಕ್ಕೆ ಬಣ್ಣದ ಕಲ್ಲಿನ ಚೂರುಗಳನ್ನು ಜೋಡಿಸಿದ ಮೊಸಾಯಿಕ್ ಹಾಸು ಇತ್ತು. ಅದರಲ್ಲಿ ಮೀನು ಮತ್ತು ಕಡಲ ಜೀವಿಗಳ ಚಿತ್ರಗಳಿದ್ದವು. ನಡುವೆ ನೈವೇದ್ಯದ ದ್ರವವನ್ನು ಭೂಮಿಗೆ ಎರೆಯಲು ಒಂದು ರಂಧ್ರವನ್ನು ಬಿಡಲಾಗಿತ್ತು. ಈ ಹಾಸನ್ನು ಟೈಟಸ್ ಫ್ಲೇವಿಯಸ್ ಸೆನಿಲಿಸ್ ಎಂಬ ಅಧಿಕಾರಿ ಭಕ್ತರ ಕಾಣಿಕೆಯ ಹಣದಿಂದ, ವಿಕ್ಟೋರಿನಸ್ ಎಂಬವನ ನೆರವಿನಿಂದ ಮಾಡಿಸಿದನೆಂದು ಅದರ ಮೇಲಿನ ಬರಹ ತಿಳಿಸುತ್ತದೆ. ವಿಕ್ಟೋರಿನಸ್‌ನನ್ನು 'ಅರ್ಥ ಹೇಳುವವನು' ಎಂದು ಕರೆಯಲಾಗಿದ್ದು, ಆತ ಕನಸುಗಳ ಅರ್ಥವನ್ನು ಹೇಳುತ್ತಿದ್ದಿರಬಹುದು. ಸೆನಿಲಿಸ್‌ನ ಹುದ್ದೆಯನ್ನು ಎರಡು ಸಂಕ್ಷಿಪ್ತ ಪದಗಳಲ್ಲಿ ಸೂಚಿಸಲಾಗಿದೆ. ಅವನ್ನು 'ಪೂಜಾಕಾರ್ಯಗಳ ಅಧಿಕಾರಿ' ಎಂದು ಓದುವವರಿದ್ದಾರೆ; ನೌಕಾಪಡೆಯ ಉಗ್ರಾಣದ ಅಧಿಕಾರಿ ಎಂದು ಓದುವವರೂ ಇದ್ದಾರೆ. ಎರಡನೆಯ ಓದು ಸರಿಯಾದರೆ ದೇವಾಲಯಕ್ಕೂ ಕಡಲಿಗೂ ಇದ್ದ ನಂಟು ಮತ್ತಷ್ಟು ಗಟ್ಟಿಯಾಗುತ್ತದೆ.

ಇಲ್ಲಿ ದೊರೆತ ವಸ್ತುಗಳು ದೇವರ ಬಗ್ಗೆ ಮೂರು ದಿಕ್ಕಿನ ಸೂಚನೆಗಳನ್ನು ಕೊಡುತ್ತವೆ. ಮೊದಲನೆಯದು ಜಲಸಂಬಂಧ. ಕಂಚಿನ ಒಂದು ಕಿರೀಟಪಟ್ಟಿಯ ಮೇಲೆ ಕುದುರೆಗಳ ರಥವನ್ನು ನಡೆಸುವ ಕಡಲದೇವತೆಯ ಚಿತ್ರವೂ ಗಾಳ ಹಾಕಿ ಮೀನು ಹಿಡಿಯುವವನ ಚಿತ್ರವೂ ಇವೆ. ಎರಡನೆಯದು ನಾಯಿಗಳು. ಕಲ್ಲು ಮತ್ತು ಕಂಚಿನ ಹಲವು ನಾಯಿ ಪ್ರತಿಮೆಗಳು ಸಿಕ್ಕಿದ್ದು, ಮಲಗಿ ಹಿಂದಿರುಗಿ ನೋಡುವ ಕಂಚಿನ ಬೇಟೆನಾಯಿ ಅವುಗಳಲ್ಲಿ ಪ್ರಸಿದ್ಧವಾದುದು. ನಾಯಿ ಬೇಟೆಯ ಸಂಗಾತಿ. ಗಾಯವನ್ನು ನೆಕ್ಕಿ ವಾಸಿಮಾಡುತ್ತದೆಂಬ ನಂಬಿಕೆಯಿಂದ ಅದು ರೋಗನಿವಾರಕ ದೇವತೆಗಳ ಕ್ಷೇತ್ರಗಳಲ್ಲಿಯೂ ಕಾಣಿಸಿಕೊಳ್ಳುತ್ತದೆ. ಮೂರನೆಯದು ಚಿಕಿತ್ಸೆ. ಕಣ್ಣಿನ ಔಷಧಕ್ಕೆ ಒತ್ತುವ ವೈದ್ಯನ ಮುದ್ರೆ ಇಲ್ಲಿ ದೊರೆತಿದೆ. ಕಂಚಿನ ಒಂದು ತೋಳಿನ ಉಗುರುಗಳು ಚಮಚದಂತೆ ಗುಳಿಬಿದ್ದಿವೆ. ದೇಹದಲ್ಲಿ ಕಬ್ಬಿಣದ ಅಂಶ ಕಡಿಮೆಯಾದಾಗ ಉಗುರು ಹೀಗಾಗುವುದುಂಟು. ಆದ್ದರಿಂದ ಇದು ರೋಗಿಯೊಬ್ಬನ ಹರಕೆಯಾಗಿರಬಹುದೆಂಬ ಅಭಿಪ್ರಾಯವಿದೆ. ಇವಲ್ಲದೆ ಸಾವಿರಾರು ನಾಣ್ಯಗಳೂ ನೂರಾರು ಪಿನ್ನು ಮತ್ತು ಬಳೆಗಳೂ ಸಿಕ್ಕಿವೆ. ದೇವರ ವಿಗ್ರಹವೆಂದು ಖಚಿತವಾಗಿ ಗುರುತಿಸಬಹುದಾದ ಪ್ರತಿಮೆ ಮಾತ್ರ ಸಿಕ್ಕಿಲ್ಲ.

ಸಿಲ್ವಿಯಾನಸ್‌ನ ಶಾಪಪತ್ರ

ಲಿಡ್ನಿಯ ಶಾಸನಗಳಲ್ಲಿ ಹೆಚ್ಚು ಚರ್ಚಿತವಾದುದು ಸೀಸದ ತಗಡಿನ ಮೇಲಿನ ಶಾಪಪತ್ರ. ಸಿಲ್ವಿಯಾನಸ್ ತನ್ನ ಉಂಗುರವನ್ನು ಕಳೆದುಕೊಂಡಿದ್ದಾನೆ. ಅದರ ಬೆಲೆಯ ಅರ್ಧವನ್ನು ನೋಡೆನ್ಸ್‌ಗೆ ಒಪ್ಪಿಸುವುದಾಗಿ ಹೇಳಿದ್ದಾನೆ. ಸೆನಿಸಿಯಾನಸ್ ಎಂಬ ಹೆಸರನ್ನು ಎತ್ತಿ, ಉಂಗುರವನ್ನು ನೋಡೆನ್ಸನ ಗುಡಿಗೆ ತಂದೊಪ್ಪಿಸುವ ತನಕ ಅವನಿಗೆ ಆರೋಗ್ಯ ದೊರೆಯದಿರಲಿ ಎಂದು ಬೇಡಿಕೊಂಡಿದ್ದಾನೆ. ಶಾಪವನ್ನು ಮತ್ತೆ ಜಾರಿಗೆ ತರಲಾಗಿದೆ ಎಂಬರ್ಥದ ಪದವನ್ನೂ ಸೇರಿಸಲಾಗಿದೆ. ಆರೋಗ್ಯವನ್ನು ಕೊಡುವ ದೇವರು ಅದನ್ನು ತಡೆಹಿಡಿಯಲೂ ಬಲ್ಲನೆಂಬ ನಂಬಿಕೆ ಇದರಲ್ಲಿ ಸ್ಪಷ್ಟವಾಗಿದೆ.

ಇದಕ್ಕೆ ಕುತೂಹಲಕರವಾದ ಇನ್ನೊಂದು ಸಂಗತಿ ಸೇರಿಕೊಂಡಿದೆ. ಹ್ಯಾಂಪ್‌ಷೈರ್ ಪ್ರಾಂತದ ಸಿಲ್ಚೆಸ್ಟರ್ ಎಂಬ ಹಳೆಯ ರೋಮನ್ ಪಟ್ಟಣದ ಬಳಿಯ ಹೊಲದಲ್ಲಿ 1785ರಲ್ಲಿ ಒಂದು ಚಿನ್ನದ ಉಂಗುರ ದೊರೆಯಿತು. ಅದರಲ್ಲಿ ವೀನಸ್ ದೇವತೆಯ ಮುಖವಿದ್ದು, ಸುತ್ತಲೂ ಸೆನಿಸಿಯಾನಸ್‌ನನ್ನು ಸಂಬೋಧಿಸಿ 'ದೇವರಲ್ಲಿ ಬಾಳು' ಎಂಬರ್ಥದ ಕ್ರೈಸ್ತ ಹಾರೈಕೆಯನ್ನು ಕೆತ್ತಲಾಗಿದೆ. ಕೆತ್ತಿದವನು ಒಂದು ಅಕ್ಷರವನ್ನು ಎರಡು ಬಾರಿ ಬರೆದುದರಿಂದ ಕೊನೆಯ ಪದಕ್ಕೆ ಸ್ಥಳ ಸಾಲದೆ ಅದು ಅಪೂರ್ಣವಾಗಿದೆ. ಈಗ ಈ ಉಂಗುರ 'ದಿ ವೈನ್' ಎಂಬ ಹಳೆಯ ಬಂಗಲೆಯಲ್ಲಿದೆ. ಶಾಪಪತ್ರದಲ್ಲಿ ಹೇಳಿದ ಉಂಗುರ ಇದೇ ಇರಬಹುದೆಂಬ ಮಾತು ಜನಪ್ರಿಯವಾಗಿದೆ. ಆದರೆ ಎರಡೂ ಕಡೆ ಒಂದೇ ಹೆಸರಿದೆ ಎಂಬುದನ್ನು ಬಿಟ್ಟರೆ ಇದಕ್ಕೆ ಬೇರೆ ಆಧಾರವಿಲ್ಲ.

ಶಾಪಪತ್ರದ ಮೊದಲ ಪದವೂ ಗಮನಾರ್ಹವಾದುದು. 'ದೇವರಿಗೆ' ಎನ್ನಲು ಲ್ಯಾಟಿನ್ನಿನಲ್ಲಿ 'ದೇಓ' ಎಂದಿರಬೇಕಾದಲ್ಲಿ ಇಲ್ಲಿ 'ದೇವೋ' ಎಂದಿದೆ. ಬರೆದವನ ನಾಲಗೆಯಲ್ಲಿದ್ದ ಕೆಲ್ಟಿಕ್ ಪದ ಇಲ್ಲಿ ಇಣುಕಿರಬಹುದು. ಕೆಲ್ಟಿಕ್ 'ದೇವೋಸ್', ಲ್ಯಾಟಿನ್ 'ದೇಉಸ್' ಮತ್ತು ಸಂಸ್ಕೃತದ 'ದೇವ' ಇವು ಮೂರೂ ಒಂದೇ ಇಂಡೋ-ಯುರೋಪಿಯನ್ ಮೂಲದಿಂದ ಬಂದ ಪದಗಳು.

ಹೆಸರಿನ ನಂಟು: ನುವದು ಮತ್ತು ನೀದ್

ಎರಡು ಭಾಷೆಗಳ ಪದಗಳು ಕೇಳಲು ಒಂದೇ ಬಗೆಯಾಗಿದ್ದ ಮಾತ್ರಕ್ಕೆ ಅವು ಸಂಬಂಧಿಗಳಾಗುವುದಿಲ್ಲ. ನೋಡೆನ್ಸ್ ಎಂಬ ಹೆಸರಿಗೂ ಕನ್ನಡದ 'ನೋಡು' ಧಾತುವಿಗೂ ತೋರುವ ಹೋಲಿಕೆ ಕೇವಲ ಆಕಸ್ಮಿಕ. ಕನ್ನಡ ಸೇರಿರುವ ದ್ರಾವಿಡ ಭಾಷಾಕುಟುಂಬವೇ ಬೇರೆ. ಸಂಬಂಧವನ್ನು ಸಾಧಿಸಬೇಕಾದರೆ ಧ್ವನಿ ಬದಲಾವಣೆ ನಿಯತವಾಗಿರಬೇಕು, ಅಂದರೆ ಅದೇ ಬದಲಾವಣೆ ಬೇರೆ ಪದಗಳಲ್ಲಿಯೂ ಕಾಣಬೇಕು. ಹಳಗನ್ನಡದ 'ಪಾಲ್', 'ಪುಲಿ', 'ಪೂ' ಎಂಬವು ಹೊಸಗನ್ನಡದಲ್ಲಿ 'ಹಾಲು', 'ಹುಲಿ', 'ಹೂ' ಆದುದು ಇಂತಹ ನಿಯತ ಬದಲಾವಣೆಗೆ ಉದಾಹರಣೆ.

ನೋಡೆನ್ಸ್, ನುವದು, ನೀದ್ ಎಂಬ ಹೆಸರುಗಳು ಈ ಪರೀಕ್ಷೆಯಲ್ಲಿ ತೇರ್ಗಡೆಯಾಗುತ್ತವೆ. ಹಳೆಯ ಕೆಲ್ಟಿಕ್ ಭಾಷೆಯ 'ಒಉ' ಎಂಬ ಸಂಯುಕ್ತ ಸ್ವರ ಮೊದಲು 'ಓ' ಆಗಿ, ಆಮೇಲೆ ಐರಿಷ್ ಭಾಷೆಯಲ್ಲಿ 'ಉಅ' ಆಗುತ್ತದೆ; ವೆಲ್ಷ್ ಭಾಷೆಯಲ್ಲಿ 'ಊ' ಆಗಿ, ಮುಂದೆ 'ಈ'ಗೆ ಸಮೀಪವಾದ ಉಚ್ಚಾರಣೆಯನ್ನು ಪಡೆಯುತ್ತದೆ. 'ಜನ, ಕುಲ' ಎಂಬರ್ಥದ ಹಳೆಯ ಪದ 'ಟೌಟಾ' ಐರಿಷ್‌ನಲ್ಲಿ 'ಟುವಥ್' ಎಂದೂ ವೆಲ್ಷ್‌ನಲ್ಲಿ 'ಟೀಡ್' ಎಂದೂ ಆಗಿದೆ. ಅದೇ ದಾರಿಯಲ್ಲಿ ನಡೆದರೆ ಶಾಸನಗಳ ಹೆಸರು ಐರಿಷ್‌ನಲ್ಲಿ 'ನುವದು', ವೆಲ್ಷ್‌ನಲ್ಲಿ 'ನೀದ್' ಆಗಬೇಕು. ಈ ಎರಡೂ ಹೆಸರುಗಳು ಆಯಾ ಭಾಷೆಗಳ ಪರಂಪರೆಯಲ್ಲಿ ದೊರೆಯುತ್ತವೆ.

ಐರಿಷ್ ಪುರಾಣದಲ್ಲಿ ನುವದು ತುವಥಾ ದೇ ದನಾನ್ ಎಂಬ ದೇವಕುಲದ ಅರಸ. ಫಿರ್ ಬೊಲ್ಗ್ ಜನರೊಡನೆ ನಡೆದ ಯುದ್ಧದಲ್ಲಿ ಆತ ಒಂದು ತೋಳನ್ನು ಕಳೆದುಕೊಳ್ಳುತ್ತಾನೆ. ಅಂಗಹೀನನಾದವನು ಅರಸನಾಗಿರಲು ಅರ್ಹನಲ್ಲವೆಂಬ ನಿಯಮದಿಂದ ಆತನ ಅರಸುತನ ಹೋಗುತ್ತದೆ. ದಿಯನ್ ಕೆಖ್ತ್ ಎಂಬ ವೈದ್ಯ ಆತನಿಗೆ ಬೆಳ್ಳಿಯ ತೋಳನ್ನು ಮಾಡಿಕೊಡುತ್ತಾನೆ. ಆದ್ದರಿಂದ ಆತನಿಗೆ 'ಬೆಳ್ಳಿಗೈಯವನು' ಎಂಬ ಬಿರುದು. ಐರ್ಲೆಂಡಿನ ಮೇನೂತ್ ಪಟ್ಟಣದ ಐರಿಷ್ ಹೆಸರಿನಲ್ಲಿ 'ನುವದುವಿನ ಬಯಲು' ಎಂಬರ್ಥ ಉಳಿದಿದೆ.

ವೆಲ್ಷ್ ಪರಂಪರೆಯಲ್ಲಿ ನೀದ್ ಎಂಬ ಹೆಸರು ಮುಖ್ಯವಾಗಿ ತಂದೆಯ ಹೆಸರಾಗಿ ಬರುತ್ತದೆ. ಪರಲೋಕದೊಡನೆ ಸಂಬಂಧವಿರುವ ಗ್ವಿನ್ ಎಂಬ ವೀರ ನೀದ್‌ನ ಮಗ. ಅದೇ ಪರಂಪರೆಯಲ್ಲಿ ಲೀದ್ ಎಂಬ ಇನ್ನೊಬ್ಬನಿದ್ದು, ಆತನಿಗೂ 'ಬೆಳ್ಳಿಗೈಯವನು' ಎಂಬ ಬಿರುದಿದೆ. ವೆಲ್ಷ್‌ನಲ್ಲಿ 'ಕೈ' ಎಂಬ ಪದ ಲಕಾರದಿಂದ ಆರಂಭವಾಗುತ್ತದೆ. ಹೆಸರೂ ಬಿರುದೂ ಅನುಪ್ರಾಸದಿಂದ ಹೊಂದಿಕೊಳ್ಳಲೆಂದು ನೀದ್ ಎಂಬುದು ಲೀದ್ ಎಂದು ಬದಲಾಯಿತೆಂದು ವಿವರಿಸಲಾಗುತ್ತದೆ. ಎರಡು ನಾಡುಗಳಲ್ಲಿ ಹೆಸರಷ್ಟೇ ಅಲ್ಲದೆ ಬಿರುದೂ ಒಂದೇ ಆಗಿರುವುದು ಈ ನಂಟಿಗೆ ಬಲವಾದ ಸಾಕ್ಷಿ.

ಆದರೂ ಕಾಲದ ಅಂತರವನ್ನು ಮರೆಯುವಂತಿಲ್ಲ. ಲಿಡ್ನಿಯ ಶಾಸನಗಳು ರೋಮನ್ ಕಾಲದವು. ಐರಿಷ್ ಮತ್ತು ವೆಲ್ಷ್ ಕಥೆಗಳು ಬರಹಕ್ಕೆ ಇಳಿದದ್ದು ಮಧ್ಯಯುಗದಲ್ಲಿ, ಕ್ರೈಸ್ತ ಲೇಖಕರ ಕೈಯಲ್ಲಿ. ಆದ್ದರಿಂದ ಬೆಳ್ಳಿಗೈಯ ಕಥೆಯನ್ನು ಲಿಡ್ನಿಯ ಭಕ್ತರು ತಿಳಿದಿದ್ದರೆಂದು ಹೇಳಲು ಬರುವುದಿಲ್ಲ. ಅಲ್ಲಿ ದೊರೆತ ಕಂಚಿನ ತೋಳನ್ನು ಈ ಕಥೆಗೆ ಜೋಡಿಸುವುದೂ ಸಲ್ಲದು. ರೋಗ ತಗುಲಿದ ಅಂಗದ ಪ್ರತಿಕೃತಿಯನ್ನು ಅರ್ಪಿಸುವುದು ಅನೇಕ ದೇವಾಲಯಗಳಲ್ಲಿದ್ದ ರೂಢಿ.

ಹೆಸರಿನ ಅರ್ಥ: ಎರಡು ವಾದಗಳು

1932ರಲ್ಲಿ ಪ್ರಕಟವಾದ ಲಿಡ್ನಿ ಉತ್ಖನನದ ವರದಿಗೆ ಈ ಹೆಸರನ್ನು ಕುರಿತ ಅನುಬಂಧವೊಂದನ್ನು ಬರೆದವರು ಜೆ. ಆರ್. ಆರ್. ಟೋಲ್ಕಿನ್. ಅವರು ಆಗ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಆಂಗ್ಲೋ-ಸ್ಯಾಕ್ಸನ್ ಭಾಷೆಯ ಪ್ರಾಧ್ಯಾಪಕರಾಗಿದ್ದರು. 'ದಿ ಹಾಬಿಟ್' ಕೃತಿಯಿಂದ ಕಾದಂಬರಿಕಾರರಾಗಿ ಹೆಸರಾದದ್ದು 1937ರಲ್ಲಿ. ಹೆಸರಿನ ಮೂಲದಲ್ಲಿ 'ಪಡೆ, ಹಿಡಿ, ಬಳಸು' ಎಂಬರ್ಥದ ಧಾತುವಿದೆಯೆಂದೂ ದೇವರು ಮೂಲತಃ 'ಹಿಡಿಯುವವನು', ಅಂದರೆ ಬೇಟೆಗಾರ ಎಂಬ ಕಲ್ಪನೆಯಿಂದ ಬಂದಿರಬಹುದೆಂದೂ ಅವರು ಸೂಚಿಸಿದರು.

ಈ ಧಾತು ಕೆಲ್ಟಿಕ್ ಭಾಷೆಗಳಲ್ಲಿ ಬಳಕೆಯಲ್ಲಿ ಉಳಿದಿಲ್ಲ. ಸಾಕ್ಷ್ಯ ಮುಖ್ಯವಾಗಿ ಜರ್ಮ್ಯಾನಿಕ್ ಭಾಷೆಗಳದು. ಗಾಥಿಕ್ ಭಾಷೆಯ ಬೈಬಲಿನಲ್ಲಿ ಬೆಸ್ತರನ್ನು, ಎಂದರೆ ಹಿಡಿಯುವವರನ್ನು, ಸೂಚಿಸಲು ಬಳಸಿದ 'ನುಟಾ' ಎಂಬ ಪದ ಇದರಿಂದ ಬಂದುದು. 'ಪ್ರಯೋಜನ' ಎಂಬರ್ಥದ ಜರ್ಮನ್ ಪದ 'ನುಟ್ಸೆನ್' ಕೂಡ ಇದೇ ಕುಲದ್ದು. ಜರ್ಮ್ಯಾನಿಕ್ ಭಾಷೆಗಳ 'ಟ್' ಧ್ವನಿಗೆ ಸೋದರ ಭಾಷೆಗಳಲ್ಲಿ 'ದ್' ಇರುವುದು ನಿಯಮ. ಸಂಸ್ಕೃತದ 'ದ್ವಿ', 'ದಶ' ಎಂಬವುಗಳಿಗೆ ಇಂಗ್ಲಿಷಿನಲ್ಲಿ 'ಟೂ', 'ಟೆನ್' ಇರುವುದು ಇದೇ ಕಾರಣದಿಂದ. ಈ ನಿಯಮದಂತೆ 'ನುಟಾ'ದ ಟಕಾರಕ್ಕೆ ಕೆಲ್ಟಿಕ್ ಹೆಸರಿನ ದಕಾರ ಸರಿಹೊಂದುತ್ತದೆ. ಲಿಥುವೇನಿಯನ್ ಭಾಷೆಯಲ್ಲಿ 'ಲಾಭ' ಎಂಬರ್ಥದ 'ನೌದಾ' ಪದದಲ್ಲಿ ಈ ದಕಾರ ಹಾಗೆಯೇ ಉಳಿದಿದೆ. ಲಿಡ್ನಿಯ ಬೇಟೆನಾಯಿಗಳು ಮತ್ತು ಗಾಳದ ಚಿತ್ರ ಈ ಅರ್ಥಕ್ಕೆ ಒಪ್ಪುತ್ತವೆ.

ಇನ್ನೊಂದು ವಾದದ ಪ್ರಕಾರ ಈ ಹೆಸರಿಗೆ 'ಮಂಜು, ಮೋಡ' ಎಂಬ ಅರ್ಥವಿದೆ. ವೆಲ್ಷ್ ಭಾಷೆಯಲ್ಲಿ 'ನೀದ್' ಎಂಬ ಸಾಮಾನ್ಯ ನಾಮಪದಕ್ಕೆ 'ಮಂಜು' ಎಂದೇ ಅರ್ಥ; ಮೋಡ ಎಂಬರ್ಥದ ಲ್ಯಾಟಿನ್ 'ನೂಬೇಸ್' ಪದವನ್ನೂ ಇದಕ್ಕೆ ಹೋಲಿಸಲಾಗುತ್ತದೆ. ನೀರು ಮತ್ತು ಆಕಾಶಕ್ಕೆ ಸಂಬಂಧಪಟ್ಟ ದೇವರಿಗೆ ಈ ಅರ್ಥ ಸಹಜವೆನಿಸುತ್ತದೆ. ಆದರೆ ಇದಕ್ಕೊಂದು ತೊಡಕಿದೆ. ಈ ಧಾತುವಿನ ಆದಿಯಲ್ಲಿ 'ಸ್' ಧ್ವನಿಯಿತ್ತು. ವೆಲ್ಷ್ ಭಾಷೆ ಅದನ್ನು ಬಿಟ್ಟುಕೊಡುತ್ತದೆ, ಐರಿಷ್ ಉಳಿಸಿಕೊಳ್ಳುತ್ತದೆ. 'ಸೂಜಿ' ಎಂಬುದಕ್ಕೆ ವೆಲ್ಷ್‌ನಲ್ಲಿ 'ನೊಡ್ವಿದ್' ಎಂದೂ ಹಳೆಯ ಐರಿಷ್‌ನಲ್ಲಿ 'ಸ್ನಾಥದ್' ಎಂದೂ ಇರುವುದು ಇದಕ್ಕೆ ನಿದರ್ಶನ. ಆದರೆ ನುವದು ಎಂಬ ಐರಿಷ್ ಹೆಸರಿನಲ್ಲಾಗಲಿ ಶಾಸನಗಳಲ್ಲಾಗಲಿ ಆದಿಯ ಸಕಾರವಿಲ್ಲ. ಸಕಾರವಿಲ್ಲದ ರೂಪವೂ ಮೊದಲಿನಿಂದ ಜೊತೆಯಲ್ಲಿಯೇ ಇತ್ತೆಂದು ಕಲ್ಪಿಸಿಕೊಂಡರೆ ಮಾತ್ರ ಈ ವಾದ ನಿಲ್ಲುತ್ತದೆ.

ಉತ್ಖನನಗಳು

ಲಿಡ್ನಿಯಲ್ಲಿ ಮೊದಲ ಉತ್ಖನನವನ್ನು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಆ ಸ್ಥಳದ ಒಡೆಯರಾದ ಬ್ಯಾಥರ್ಸ್ಟ್ ಕುಟುಂಬದವರು ನಡೆಸಿದರು. ಅದರ ವಿವರಗಳು 1879ರಲ್ಲಿ ಪುಸ್ತಕವಾಗಿ ಪ್ರಕಟವಾದವು. ಅನಂತರ 1928 ಮತ್ತು 1929ರಲ್ಲಿ ಮಾರ್ಟಿಮರ್ ವೀಲರ್ ಮತ್ತು ಅವರ ಪತ್ನಿ ಟೆಸ್ಸಾ ವೀಲರ್ ವೈಜ್ಞಾನಿಕ ಕ್ರಮದಲ್ಲಿ ಉತ್ಖನನ ನಡೆಸಿದರು. ನಾಣ್ಯಗಳ ಆಧಾರದಿಂದ ದೇವಾಲಯವು ಕ್ರಿ.ಶ. 364ರ ಅನಂತರ ಕಟ್ಟಲ್ಪಟ್ಟಿತೆಂದು ಅವರು ನಿರ್ಣಯಿಸಿದರು. 1980 ಮತ್ತು 1981ರಲ್ಲಿ ನಡೆದ ಮರುಪರಿಶೀಲನೆಯಿಂದ, ಅದರ ನಿರ್ಮಾಣವಾದದ್ದು ಮೂರನೆಯ ಶತಮಾನದ ಉತ್ತರಾರ್ಧದಲ್ಲಿ, ನಾಲ್ಕನೆಯ ಶತಮಾನದಲ್ಲಿ ನಡೆದದ್ದು ಜೀರ್ಣೋದ್ಧಾರ ಎಂಬ ಅಭಿಪ್ರಾಯ ಬಲಗೊಂಡಿತು.

ಮಾರ್ಟಿಮರ್ ವೀಲರ್ ಮುಂದೆ 1944ರಿಂದ 1948ರವರೆಗೆ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ಮಹಾನಿರ್ದೇಶಕರಾಗಿದ್ದರು. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ ಮತ್ತು ಚಂದ್ರವಳ್ಳಿಗಳಲ್ಲಿ 1947ರಲ್ಲಿ ಉತ್ಖನನ ನಡೆಸಿದವರೂ ಇವರೇ.

ಆಧುನಿಕ ಸಾಹಿತ್ಯದಲ್ಲಿ

ವೇಲ್ಸ್‌ನ ಲೇಖಕ ಆರ್ಥರ್ ಮ್ಯಾಕನ್ 'ದಿ ಗ್ರೇಟ್ ಗಾಡ್ ಪ್ಯಾನ್' (1894) ಎಂಬ ಭೀತಿಕಥೆಯಲ್ಲಿ ನೋಡೆನ್ಸನ ಹೆಸರನ್ನು ಬಳಸಿಕೊಂಡಿದ್ದಾರೆ. ಅಮೆರಿಕದ ಎಚ್. ಪಿ. ಲವ್‌ಕ್ರಾಫ್ಟ್ ಅವರ ಕಥೆಗಳಲ್ಲಿಯೂ ಈ ಹೆಸರಿನ ದೇವತೆ ಬರುತ್ತಾನೆ. ಅಲ್ಲಿನ ವರ್ಣನೆಗಳು ಲೇಖಕರ ಕಲ್ಪನೆಗಳೇ ಹೊರತು ಪ್ರಾಚೀನ ನಂಬಿಕೆಗಳಲ್ಲ.

ಖಚಿತವಾದದ್ದು ಮತ್ತು ಊಹೆ

ನೋಡೆನ್ಸ್ ಎಂಬ ದೇವರಿಗೆ ಲಿಡ್ನಿಯಲ್ಲಿ ಗುಡಿಯಿತ್ತೆಂಬುದೂ ಆತನನ್ನು ಮಾರ್ಸ್‌ನೊಡನೆ ಸಮೀಕರಿಸಿದ್ದರೆಂಬುದೂ ಭಕ್ತರು ಆತನಿಂದ ಆರೋಗ್ಯ ಮತ್ತು ನ್ಯಾಯವನ್ನು ಬೇಡಿದರೆಂಬುದೂ ಶಾಸನ ಮತ್ತು ವಸ್ತುಗಳಿಂದ ತಿಳಿಯುತ್ತವೆ. ನುವದು ಮತ್ತು ನೀದ್ ಎಂಬ ಹೆಸರುಗಳೊಡನೆ ಈತನ ಹೆಸರಿಗಿರುವ ಸಂಬಂಧ ಧ್ವನಿನಿಯಮಗಳಿಂದ ಸಮರ್ಥಿತವಾಗಿದೆ. 'ಹಿಡಿಯುವವನು' ಅಥವಾ 'ಮಂಜು' ಎಂಬ ಅರ್ಥಗಳು, ಕನಸಿನ ಚಿಕಿತ್ಸೆ ಮತ್ತು ಉಂಗುರದ ಗುರುತು ಇವೆಲ್ಲ ಊಹೆಗಳು. ಹೆಸರಿನ ವಂಶವನ್ನು ತಿಳಿಯುವುದಕ್ಕೂ ಅದರ ಅರ್ಥವನ್ನು ತಿಳಿಯುವುದಕ್ಕೂ ಅಂತರವಿದೆ. ಅರ್ಥ ಖಚಿತವಾದರೂ ಅದು ಹೆಸರಿಟ್ಟವರ ಕಾಲದ ಕಲ್ಪನೆಯನ್ನು ಹೇಳೀತೇ ಹೊರತು, ಅನೇಕ ಶತಮಾನಗಳ ಅನಂತರ ಕಳೆದುಹೋದ ಉಂಗುರಕ್ಕಾಗಿ ಲಿಡ್ನಿಯ ಗುಡ್ಡವನ್ನು ಹತ್ತಿದ ಸಿಲ್ವಿಯಾನಸ್‌ನ ಮನಸ್ಸಿನಲ್ಲಿ ಯಾವ ದೇವರಿದ್ದನೆಂಬುದನ್ನು ಹೇಳಲಾರದು.